ಅಲಮೇಲು ಕೊಟ್ಟ ಪಾತ್ರೆ

ಚುಚ್ಚಿ, ಚುಚ್ಚಿ, ನೀವು ಹೆದರ್ಕೋಬೇಡಿ! ಈ ಬೆರಳಾದ್ರೂ ಸರಿ, ಆ ಬೆರಳಾದ್ರೂ ಸರಿ. ಹೋದ್ಸಲಾನೂ ಇದೇ ಹೇಳಿದ್ರಿ ಮಾನಸ ಮೇಡಂ, 'ಇರುವೆ ಕಚ್ಚಿದಂಗೆ ಆಗತ್ತೆ ಅಷ್ಟೇ' ಅಂತ. ಯಾವ ಸೀಮೆ ಇರುವೆನೋ... ಹಾ! ಅಮ್ಮಯ್ಯ! ಆಯ್ತಾ? ಇಷ್ಟೇನಾ? ಒಂದು ತೊಟ್ಟು ರಕ್ತ ಇಟ್ಕೊಂಡು ಮೈಯೊಳಗೆ ಸೀಸ ಎಷ್ಟು ಸೇರ್ಕೊಂಡದೆ ಅಂತ ಹೇಳ್ಬುಡ್ತದಾ ಈ ಡಬ್ಬ? ಭೇಷ್ ಕಣ್ರೀ. ನಮ್ಮ ಯಜಮಾನ್ರ ತಲೆಯೊಳಗೆ ಏನದೆ ಅಂತ ನಾನು ಮದುವೆ ಆದಾಗಿಂದ ಹುಡುಕ್ತಾ ಇವ್ನಿ, ಇನ್ನೂ ಏನೂ ಸಿಕ್ಕಿಲ್ಲ.

ನಗ್ತೀರಲ್ಲ! ನಗಿ, ನಗಿ. ಈ ಮನೇಲಿ ಯಾರಾದ್ರೂ ನಕ್ಕಿದ್ದು ನೋಡಿ ಎಷ್ಟು ದಿನ ಆಯ್ತೋ.

ಅಯ್ಯೋ, ಅಲ್ಲಿ ಯಾಕೆ ನಿಂತ್ಕೊಂಡ್ರಿ? ಆ ಸ್ಟೂಲ್ ಎಳ್ಕೊಂಡು ಕೂತ್ಕೊಳ್ಳಿ. ನಾನು ಒಲೆ ಬುಟ್ಟು ಬರಂಗಿಲ್ಲ, ಸಾರಿಗೆ ಉರಿ ಸಣ್ಣಗೆ ಇಟ್ಟಿವ್ನಿ. ಸೊಸೆ ಮಗೂನ ಕರ್ಕೊಂಡು ಬರೋಕೆ ಸ್ಕೂಲಿಗೆ ಹೋಗವಳೆ. ಮಗು ಬಂದ ತಕ್ಷಣ ಬ್ಯಾಗ್ ಬಿಸಾಕಿ 'ಅಜ್ಜೀ ಸಾರು' ಅಂತದೆ. ಒಂದು ಲೋಟ ಅಂಗೇ ಕುಡಿದ್ಮೇಲೇ ಯೂನಿಫಾರಂ ಬಿಚ್ಚೋದು. ನಮ್ಮ ಒಂಟಿಕೊಪ್ಪಲ್‌ನಲ್ಲಿ ಎಲ್ಲಾ ಮಕ್ಳೂ ಚಾಕ್ಲೇಟು ಕೇಳುದ್ರೆ ನಮ್ಮ ರಕ್ಷಿತಾ ಸಾರು ಕೇಳ್ತಾಳೆ. ಐದು ವರ್ಷದ ಮಗೂಗೆ ಇಂಥಾ ನಾಲಿಗೆ ನೋಡಿ!

ಏನ್ ಬಂತು ನಂದು? ತೋರ್ಸಿ, ತೋರ್ಸಿ... ಹೋದ್ಸಲಕ್ಕಿಂತ ಜಾಸ್ತಿನಾ? ಬೆಳಿಗ್ಗೆ ಯಜಮಾನ್ರದ್ದು ತಗಂಡ್ರಲ್ಲ, ಅದಕ್ಕಿಂತ? ...ಅದಕ್ಕಿಂತಲೂ ಜಾಸ್ತಿ! ನೋಡಿ ಮತ್ತೆ, ಇಷ್ಟು ವರ್ಷದ ಸಂಸಾರದಲ್ಲಿ ಚೆಲುವರಾಜು ಅವ್ರನ್ನ ಯಾವುದರಲ್ಲೂ ಗೆಲ್ಲಕ್ಕಾಗಿರ್ಲಿಲ್ಲ, ಇದರಲ್ಲಿ ಗೆದ್ದೆ. ಸಂಜೆ ಬರ್ಲಿ, ಹೇಳ್ತೀನಿ. ಮುಖ ಸಣ್ಣಗೆ ಮಾಡ್ಕೊಂಡು 'ಮಿಷನ್ ಸರಿಯಿಲ್ಲ' ಅಂತಾರೆ, ನೋಡ್ತಿರಿ.

ಹೂಂ, ಹೂಂ, ತಮಾಷೆ ಅಲ್ಲ, ಗೊತ್ತು. ಹೋದ್ಸಲ ನೀವು ಅವ್ರನ್ನ ಕೂರಿಸ್ಕೊಂಡು ಹೇಳಿದ್ರಲ್ಲ, ಸೀಸ ಮೈಗೆ ಸೇರುದ್ರೆ ಬಿಪಿ ಏರತ್ತೆ, ಕೀಲು ನೋಯತ್ತೆ, ಹೊಟ್ಟೆ ಕಟ್ಟತ್ತೆ, ಸಿಡುಕು ಬರತ್ತೆ, ಮರೆವು ಬರತ್ತೆ ಅಂತ. ನಾನು ಬಾಗ್ಲ ಹಿಂದೆ ನಿಂತು ಕೇಳ್ತಾ ಇದ್ದೆ. ಅವ್ರ ಜಾತಕ ಓದ್ದಂಗೆ ಆಯ್ತು ನಂಗೆ! ಆಮೇಲೆ ಯೋಚ್ನೆ ಮಾಡ್ದೆ, ಸಿಡುಕಿಗೆ ಸೀಸ ಕಾರಣ ಅನ್ನೋದಾದ್ರೆ ಈವಯ್ಯ ತಾಳಿ ಕಟ್ಟೋಕೆ ಮುಂಚೆನೇ ಸೀಸ ತಿಂದಿರಬೇಕು. ಮರೆವಾ? ಅದು ನನ್ನ ಹುಟ್ಟುಹಬ್ಬಕ್ಕೆ ಮಾತ್ರ. ಕ್ರಿಕೆಟ್ಟು ಎಲ್ಲಾ ನೆಪ್ಪಿರ್ತದೆ.

ಅದಿರ್ಲಿ. ನಂಗೆ ಅರ್ಥ ಆಗದೆ ಇರೋದು ಒಂದೇ. ಮಹೇಂದ್ರನ ಬ್ಯಾಟರಿ ಅಂಗಡಿ ಮುಚ್ಚಿಸ್ಬುಟ್ವಲ್ಲ ನಾವು! ಮುಂದ್ಗಡೆ ಹೊಸ ಬ್ಯಾಟರಿ ಮಾರೋದು, ಹಿಂದ್ಗಡೆ ತಗಡಿನ ಶೆಡ್‌ನಲ್ಲಿ ಹಳೇದು ಒಡ್ದು ಸೀಸ ಕಾಯ್ಸೋದು. ಹೊಗೆ ಎಲ್ಲಾ ನಮ್ಮ ಬೀದಿಗೇ ಪ್ರಸಾದ. ನೀವು ಬೀದಿಯೋರದ್ದೆಲ್ಲಾ ರಕ್ತ ನೋಡಿ ಹೇಳಿದ್ದೇ ತಡ, ಮಾರನೇ ದಿನವೇ ಪೊರಕೆ ಹಿಡ್ಕೊಂಡು ಹೊರಟವಳು ಯಾರು? ಈ ವಸಂತಮ್ಮ! ಪೇಪರ್‌ನಲ್ಲಿ ಫೋಟೋ ಬಂತಲ್ಲ, ಎಡಗಡೆಯಿಂದ ಎರಡನೇದು ನಾನೇ. ಬಾಯಿ ತೆಗ್ದಿರೋಳು. ಅಲ್ಲಿ ಎಲ್ರೂ ಬಾಯಿ ತೆಗ್ದವ್ರೆ ಅಂತೀರಾ? ನಂದು ಜಾಸ್ತಿ ತೆಗ್ದದೆ, ಗುರುತು ಸಿಗ್ತದೆ.

ಅಂಗಡಿ ಹೋಯ್ತು. ಮಣ್ಣು ಕೂಡ ಬಗೆದು ತಗಂಡ್ಹೋದ್ರು. ಈಗ ನೀವೇ ಹೇಳ್ತೀರಿ, ಬೀದಿಯೋರದ್ದೆಲ್ಲಾ ಇಳಿದದೆ ಅಂತ. ಎದುರುಮನೆ ವಾಗೀಶನ ಮಕ್ಳದ್ದೂ ಇಳಿದದೆ. ಆ ಮಕ್ಳು ಮಣ್ಣಲ್ಲೇ ಹುಟ್ಟಿ ಮಣ್ಣಲ್ಲೇ ಬೆಳೆದವ್ವು, ಕೈ ತೊಳೆದದ್ದು ನಾನು ಕಂಡಿಲ್ಲ! ಅವಕ್ಕೆ ಇಳೀತದೆ, ನಮ್ಮನೇಲಿ ಮಾತ್ರ ಏರ್ತದೆ. ಇದ್ಯಾವ ನ್ಯಾಯ? ನಮ್ಮ ರಕ್ಷಿತಾದು ಹದಿನೆಂಟು ಇದ್ದದ್ದು ಈಗ ಇಪ್ಪತ್ನಾಲ್ಕು. ಐದಕ್ಕಿಂತ ಕೆಳಗೆ ಇರ್ಬೇಕು ಅಂತ ನೀವೇ ಹೇಳೋದು. ಇಂಗೇ ಏರಿದ್ರೆ ಆಸ್ಪತ್ರೆಗೆ ಸೇರಿಸಿ ಮದ್ದು ಹಾಕ್ಬೇಕಾಗ್ತದೆ ಅಂತ ಹೇಳೋದೂ ನೀವೇ.

ನಾನೇನ್ ಹೇಳ್ತೀನಿ ಅಂದ್ರೆ... ಬೇಜಾರು ಮಾಡ್ಕೋಬೇಡಿ, ಮನೆ ಮಾತು ಬೀದಿಗೆ ಹಾಕ್ಬಾರ್ದು, ಆದ್ರೂ ಹೇಳ್ತೀನಿ. ನನ್ನ ಸೊಸೆ ದಿವ್ಯಂದು ಎಷ್ಟು ಬಂತು? ಹೇಳಿ. ಮೂರು ಚಿಲ್ಲರೆ, ಅಲ್ವಾ? ಬೀದಿಗೆಲ್ಲಾ ಕಮ್ಮಿ! ಒಂದೇ ಮನೆ, ಒಂದೇ ನೀರು, ಒಂದೇ ಗಾಳಿ. ಯಜಮಾನ್ರಿಗೆ ಏರ್ತದೆ, ನಂಗೆ ಏರ್ತದೆ, ಮಗೂಗೆ ಏರ್ತದೆ. ನನ್ನ ಮಗ ಪುನೀತ್‌ಗೆ ಅಷ್ಟೊಂದಿಲ್ಲ, ಅವ್ನು ಫ್ಯಾಕ್ಟರೀಲೇ ಊಟ ಮುಗಿಸ್ಕೊಂಡು ಬರೋನು. ಸೊಸೆಗೆ ಮಾತ್ರ ಏನೂ ಇಲ್ಲ! ಯಾಕೆ? ನೀವು ಓದ್ದೋರು, ನೀವೇ ಹೇಳಿ ಯಾಕೆ ಅಂತ.

ನಾನು ಹೇಳ್ಲಾ? ಮಗೂಗೆ ಏನೇನೋ ಹಚ್ಚೋಳು ಅವಳೇ. ಕಣ್ಣಿಗೆ ಅದ್ಯಾವುದೋ ಕಾಡಿಗೆ, ತುಟಿಗೆ ಬಣ್ಣ. ಐದು ವರ್ಷದ ಮಗೂಗೆ ಲಿಪ್‌ಸ್ಟಿಕ್ ಯಾಕ್ರೀ? ಸ್ಕೂಲ್ ಡೇ ಅಂತೆ! ಆಮೇಲೆ ಆ ಬಣ್ಣದ ಆಟದ ಸಾಮಾನು, ರಸ್ತೇಲಿ ಮಾರ್ತಾರಲ್ಲ. ನಾನು ಅವತ್ತೇ ಎಲ್ಲರ ಮುಂದೆ ಹೇಳ್ದೆ, 'ನಿನ್ನ ಶೋಕಿನೇ ನಮ್ಮ ಮಗೂನ ತಿಂತಾ ಇರೋದು' ಅಂತ. ಅವಳಮ್ಮ ಬಂದಿದ್ರು, ಅವ್ರ ಮುಂದೂ ಹೇಳ್ದೆ. ಮುಚ್ಚುಮರೆ ನಂಗೆ ಆಗಲ್ಲ.

ಅಂಗ್ ನೋಡ್ಬೇಡಿ. ಹೌದು, ಕಾಡಿಗೇನೂ ನೀವು ಪರೀಕ್ಷೆ ಮಾಡುದ್ರಿ, ಆಟದ ಸಾಮಾನೂ ಮಾಡುದ್ರಿ. ಏನೂ ಇರ್ಲಿಲ್ಲ. ಗೊತ್ತು. ಆ ಪಿಸ್ತೂಲು ತರದ ಮಿಷನ್ ತಂದು ಮನೆಯೆಲ್ಲಾ ಗುರಿ ಇಟ್ಟು ನೋಡುದ್ರಲ್ಲ! ಗೋಡೆ ಬಣ್ಣ ಸರಿ ಅಂದ್ರಿ. ಅರಿಶಿನದ ಡಬ್ಬ ಸರಿ ಅಂದ್ರಿ. ಕುಂಕುಮ ಸರಿ. ದೇವರ ದೀಪ ಸರಿ. ನಮ್ಮತ್ತೆ ಕಾಲದ ಹಿತ್ತಾಳೆ ಹಂಡೆಗೂ ಪಿಸ್ತೂಲು ಹಿಡಿದ್ರಿ, ನಂಗೆ ಅತ್ತೆನೇ ಕೈ ಎತ್ಕೊಂಡು ನಿಂತಂಗೆ ಕಾಣ್ತು. ಒಂದು ಸಲನಾದ್ರೂ ಅವ್ರನ್ನ ಅಂಗೆ ನೋಡ್ಬೇಕಿತ್ತು.

ಏನು? ಈ ಪಾತ್ರೆನಾ? ಒಲೆ ಮೇಲಿರೋದಾ?

ಮತ್ತೆ ಶುರು ಮಾಡುದ್ರಾ! ಹೋದ್ಸಲಾನೇ ಹೇಳಿದ್ನಲ್ಲ. ಇದು ಈಯದ ಪಾತ್ರೆ, ಅಂದ್ರೆ ಅಪ್ಪಟ ತವರ. ಸೀಸ ಅಲ್ಲ. ಅಯ್ಯಂಗಾರ್ ಮನೆಗಳಲ್ಲಿ ಸಾರು ಮಾಡೋದು ಇದರಲ್ಲೇ. ಅಲಮೇಲು ಅಮ್ಮನೋರು ಕೊಟ್ಟಿದ್ದು. ಪಕ್ಕದ ರಸ್ತೇಲಿ ಇದ್ರಲ್ಲ, ಎರಡು ವರ್ಷದ ಹಿಂದೆ ಮನೆ ಮಾರಿ ಚಾಮರಾಜಪುರಂಗೆ ಮಗಳ ಮನೆಗೆ ಹೋದ್ರು, ಅವ್ರು. ಅವ್ರ ಅಜ್ಜಿ ಕಾಲದ್ದು. ಮೂರು ತಲೆಮಾರು ಸಾರು ಕುಡಿದು ಎಲ್ರೂ ತೊಂಬತ್ತು ದಾಟಿದವ್ರೆ. ಅವ್ರಿಗೆ ಆಗದ್ದು ನಮಗೆ ಆಗ್ತದಾ?

ಮುಟ್ಬೇಡಿ! ...ಅಯ್ಯೋ, ಕಿರುಚ್ಬುಟ್ನಾ? ತಪ್ಪು ತಿಳ್ಕೋಬೇಡಿ. ಇದಕ್ಕೆ ಮಡಿ. ಹೂಂ ಕಣ್ರೀ, ಮಡಿ! ನಗ್ತೀರಾ? ನಗಿ. ಮನೆ ಗೌಡರದ್ದು, ಪಾತ್ರೆ ಅಯ್ಯಂಗಾರರದ್ದು. ಭಾನುವಾರ ಕೋಳಿ ಬೆಂದ ದಿನ ಇದನ್ನ ಬಟ್ಟೆ ಸುತ್ತಿ ದೇವರ ಮನೇಲಿ ಇಡ್ತೀನಿ, ವಾಸ್ನೆ ಕೂಡ ತಾಗ್ಬಾರ್ದು ಅಂತ. ಯಜಮಾನ್ರು ಆಡ್ಕೋತಾರೆ, 'ನಂಗಿಲ್ಲದ ಮರ್ಯಾದೆ ಆ ಚೊಂಬಿಗೆ' ಅಂತ. ನಾನಂದೆ, 'ಅದು ಹೇಳ್ದಂಗೆ ಕೇಳ್ತದೆ, ನೀವು ಕೇಳಲ್ವಲ್ಲ.'

ಇದರ ಸ್ವಭಾವ ಗೊತ್ತಾ ನಿಮಗೆ? ಬರಿದಾಗಿ ಒಲೆ ಮೇಲೆ ಇಡಂಗಿಲ್ಲ. ಇಟ್ರೆ ಮೇಣದಂಗೆ ಕರಗಿ ಒಲೆ ಮೇಲೇ ಹರಿದ್ಬುಡ್ತದೆ. ಮೊದ್ಲು ಹುಣಸೆ ನೀರು, ಟೊಮೇಟೊ, ಬೇಳೆ ಕಟ್ಟು ತುಂಬ್ಸಬೇಕು, ಆಮೇಲೆ ಉರಿ, ಅದೂ ಸಣ್ಣಗೆ. ನೊರೆ ಎದ್ದ ತಕ್ಷಣ ಇಳ್ಸಬೇಕು. ನಾನು ಇಳ್ಸಲ್ಲ, ಇನ್ನೂ ಸ್ವಲ್ಪ ಹೊತ್ತು ಬುಡ್ತೀನಿ, ಹುಳಿ ಚೆನ್ನಾಗಿ ಇಳೀಲಿ ಅಂತ. ಅಲ್ಲೇ ನೋಡಿ ಗುಟ್ಟು ಇರೋದು. ಇದರಲ್ಲಿ ಕುದ್ದ ಸಾರಿಗೆ ಒಂಥರಾ ಸಿಹಿ ಬತ್ತದೆ. ಬೆಲ್ಲ ಒಂದು ಚೂರೂ ಹಾಕಲ್ಲ ಕಣ್ರೀ, ಆಣೆ! ಆದ್ರೂ ನಾಲಿಗೆ ತುದೀಲಿ ಸಿಹಿ ನಿಲ್ತದೆ. ವಾಗೀಶನ ಹೆಂಡ್ತಿ ಕೇಳಿ ಕೇಳಿ ಸಾಕಾದ್ಲು, 'ಏನ್ ಹಾಕ್ತೀರಾ ಆಂಟಿ' ಅಂತ. ಹೇಳ್ಲೇ ಇಲ್ಲ.

ಬರ್ಕೋತಾ ಇದೀರಾ? ಸಿಹಿ ಅಂದಿದ್ದಾ? ಸಾರಿನ ರುಚಿನೂ ಬರ್ಕೊಳ್ಳೋ ಡಾಕ್ಟ್ರನ್ನ ಇವತ್ತೇ ನೋಡಿದ್ದು ನಾನು. ಬರ್ಕೊಳ್ಳಿ, ಬೇಕಾದ್ರೆ ಒಗ್ಗರಣೇನೂ ಹೇಳ್ತೀನಿ. ತಗಳಿ, ಒಂದು ಲೋಟ ಕುಡೀರಿ, ಬಿಸಿಬಿಸಿ. ...ಬ್ಯಾಡ್ವಾ? ಈಗ್ತಾನೆ ತಿಂಡಿ ಆಯ್ತಾ? ಒಂದು ಗುಟುಕು ಕಣವ್ವ, ಅದಕ್ಕೆಂಥಾ ಜಾಗ ಬೇಕು ಹೊಟ್ಟೇಲಿ? ಸರಿ ಬುಡಿ. ಇಲ್ಲೇ ಇಟ್ಟಿರ್ತೀನಿ.

ದಿವ್ಯಾನೂ ಅಂಗೇ. ಸಾರು ಅಂದ್ರೆ ಮಾರು ದೂರ. 'ಹುಳಿ ಆಗಲ್ಲ ಅತ್ತೆ, ಎದೆ ಉರಿಯತ್ತೆ' ಅಂತಾಳೆ. ಚಪಾತಿ, ಪಲ್ಯ, ಮೊಸರು, ಮುಗೀತು. ಬಂದು ಆರು ವರ್ಷ ಆಯ್ತು, ನನ್ನ ಸಾರು ಒಂದು ದಿನ ನೆಟ್ಟಗೆ ಊಟ ಮಾಡಿಲ್ಲ ಅವಳು.

ಏನು? ಇಲ್ಲ, ನಾನೇನೂ ಹೇಳ್ಲಿಲ್ಲ. ಸೊಸೆ ಸಾರು ಊಟ ಮಾಡಲ್ಲ ಅಂದೆ, ಅಷ್ಟೇ. ಅದರಲ್ಲಿ ಏನದೆ ಅಂತ ಪೆನ್ನು ಮೇಲಕ್ಕೆತ್ತಿದ್ರಿ?

...ನಿಮ್ಮ ತಲೇಲಿ ಏನ್ ಓಡ್ತಾ ಅದೆ ಅಂತ ನಂಗೆ ಗೊತ್ತಾಗಲ್ಲ ಅನ್ಕೊಂಡ್ರಾ? ನಾನು ಓದಿರೋದು ಏಳನೇ ಕ್ಲಾಸು ಇರಬಹುದು, ಲೆಕ್ಕ ಬತ್ತದೆ. ಸಾರು ಜಾಸ್ತಿ ಕುಡಿಯೋರಿಗೆ ಜಾಸ್ತಿ, ಕಮ್ಮಿ ಕುಡಿಯೋರಿಗೆ ಕಮ್ಮಿ, ಕುಡೀದವಳಿಗೆ ಇಲ್ಲ. ಅದೇ ತಾನೇ? ಅಂಗ್ ನೋಡುದ್ರೆ ನನ್ನ ಕಂಡ್ರೆ ಪ್ರೀತಿ ಇರೋರಿಗೆಲ್ಲಾ ಜಾಸ್ತಿ, ಆಗದವಳಿಗೆ ಕಮ್ಮಿ. ಅದಕ್ಕೂ ಒಂದು ಮಿಷನ್ ತನ್ನಿ!

ಪಾತ್ರೆ ಗಟ್ಟಿಮುಟ್ಟಾಗದೆ ಕಣ್ರೀ. ಎತ್ತಿ ನೋಡಿ ಬೇಕಾದ್ರೆ... ಬ್ಯಾಡ, ಬ್ಯಾಡ, ನಾನೇ ಎತ್ತಿ ತೋರಿಸ್ತೀನಿ. ಅಬ್ಬಾ! ನೋಡುದ್ರಾ? ಸೊಂಟ ಹಿಡ್ಕೋತದೆ, ಅಷ್ಟು ಭಾರ. ಅಲಮೇಲು ಅಮ್ಮಂದು ಇಷ್ಟು ತೂಕನೇ ಇರ್ಲಿಲ್ಲ... ಅಂದ್ರೆ... ಅಂದ್ರೆ ಅವ್ರ ಮನೇಲಿ ಎತ್ತಿದಾಗ ಇಷ್ಟು ಭಾರ ಅನಿಸಿರ್ಲಿಲ್ಲ ಅಂತ. ನಂಗೂ ವಯಸ್ಸಾಯ್ತಲ್ಲ. ಆಗಿನ ಕೈ, ಆಗಿನ ಬಲ.

ಸರಿ, ಅದು ಬುಡಿ. ಮಗು ವಿಚಾರಕ್ಕೆ ಬನ್ನಿ. ಅದೇ ನಂಗೆ ಬೇಕಾಗಿರೋದು. ನಮ್ಮ ರಕ್ಷಿತಾ ಮೂರು ವರ್ಷಕ್ಕೆ ಎಂಗೆ ಮಾತಾಡ್ತಿದ್ಲು ಗೊತ್ತಾ? ಅಳಿಲಿನಂಗೆ. ಬೀದೀಲಿ ಹೋಗೋರನ್ನೆಲ್ಲಾ ನಿಲ್ಲಿಸಿ 'ನಿಮ್ಮನೇಲಿ ಏನ್ ತಿಂಡಿ' ಅಂತ ಕೇಳೋಳು. ನೂರು ತನಕ ಎಣಿಸ್ತಿದ್ಲು. ಐವತ್ತೊಂಬತ್ತು ಆದ್ಮೇಲೆ ಸ್ವಲ್ಪ ಎಡವೋಳು, ಆದ್ರೂ ಎದ್ದು ಓಡೋಳು. ಈಗ ಇಪ್ಪತ್ತಕ್ಕೆ ನಿಂತ್ಬುಡ್ತಾಳೆ. ನಿಂತು ನನ್ನ ಮುಖ ನೋಡ್ತಾಳೆ. ಅವಳ ಕ್ಲಾಸಿನ ಅನುಪಮಾ ಮಿಸ್ ಕರೆಸಿ ಹೇಳುದ್ರು, 'ಅಜ್ಜಿ, ಮಗು ಹೇಳಿಕೊಟ್ಟಿದ್ದು ಮರೀತಾಳೆ, ಸುಮ್ಮನೆ ಸುಮ್ಮನೆ ಸಿಟ್ಟು ಮಾಡ್ತಾಳೆ, ಹೊಟ್ಟೆ ನೋವು ಅಂತ ಡೆಸ್ಕ್ ಮೇಲೆ ಮಲಗ್ತಾಳೆ' ಅಂತ. ನಾನು ಆಯಮ್ಮನ್ನೇ ಬೈದು ಬಂದೆ. ನಿಮಗೆ ಪಾಠ ಮಾಡೋಕೆ ಬರಲ್ಲ ಅಂದೆ. ಕುಣಿಯೋಕ್ ಬರದವಳು ನೆಲ ಡೊಂಕು ಅಂದ್ಲಂತೆ ಅಂದೆ. ಪಾಪ, ಕಣ್ಣಲ್ಲಿ ನೀರು ಹಾಕ್ಕೊಂಡ್ರು.

ಮನೆಗೆ ಬಂದು ಹೊಟ್ಟೆ ನೋವಿಗೆ ಏನ್ ಮಾಡ್ಲಿ ಅಂತ... ಅಜ್ಜಿ ಅಂದ್ಮೇಲೆ ಸುಮ್ನೆ ಕೂರಕ್ಕಾಗ್ತದಾ? ಮೆಣಸು, ಜೀರಿಗೆ ಜಾಸ್ತಿ ಹಾಕಿ ಇನ್ನೊಂದು ಲೋಟ ಸಾರು ಕುಡಿಸ್ದೆ. ಹೊಟ್ಟೆಗೆ ಒಳ್ಳೇದು ಅಂತ. ಬೆಳಿಗ್ಗೆ ಒಂದು, ಸಂಜೆ ಒಂದು.

ಯಾಕೆ ಮೇಡಂ ಕಣ್ಣು ಮುಚ್ಕೊಂಡ್ರಿ? ತಲೆನೋವಾ? ಫ್ಯಾನ್ ಹಾಕ್ಲಾ? ಒಲೆ ಆರಿ ಹೋಗ್ತದೆ ಅಂತ ಹಾಕಿರ್ಲಿಲ್ಲ. ಬೆಳಿಗ್ಗೆಯಿಂದ ಬಿಸಿಲಲ್ಲಿ ಸುತ್ತಾಡಿರ್ತೀರಿ. ಎಲ್ಲೆಲ್ಲಿ ಹೋಗಿದ್ರಿ ಇವತ್ತು? ನಮ್ಮ ಬೀದಿ ಒಂದೇನಾ?

...ಚಾಮರಾಜಪುರಂಗಾ?

ಅಲ್ಯಾಕೆ? ಅಲ್ಲೂ ಬ್ಯಾಟರಿ ಅಂಗಡಿ ಅದ್ಯಾ? ...ಓ. ಸುಮ್ನೆ ಯಾರನ್ನೋ ನೋಡೋಕೆ. ಹೂಂ. ದೊಡ್ಡ ಬಡಾವಣೆ ಅದು, ಬೇಕಾದಷ್ಟು ಜನ ಅವ್ರೆ. ಯಾರನ್ನೋ ನೋಡೋಕೆ ಹೋಗಿರ್ತೀರಿ.

ಸಾರು ಉಕ್ತಾ ಅದೆ, ತಡೀರಿ... ಹಾಂ. ಏನ್ ಹೇಳ್ತಿದ್ದೆ? ಅಲಮೇಲು ಅಮ್ಮ ಈ ಪಾತ್ರೆ ಕೊಟ್ಟ ದಿನ. ಹೇಳಿಲ್ವಾ ನಿಮಗೆ? ಹೇಳ್ತೀನಿ ಕೇಳಿ. ಮನೆ ಖಾಲಿ ಮಾಡೋ ದಿನ, ಲಾರಿ ಬಂದು ನಿಂತದೆ. ಎಲ್ಲಾ ಸಾಮಾನು ಏರ್ಸಾಯ್ತು. ಆಯಮ್ಮ ಈ ಪಾತ್ರೇನ ಸೆರಗಲ್ಲಿ ಮುಚ್ಕೊಂಡು ನಮ್ಮ ಬಾಗ್ಲಿಗೆ ಬಂದ್ರು. 'ವಸಂತ, ಇದು ನಿನ್ನ ಕೈಲಿ ಇರ್ಲಿ. ನಿನ್ನ ಕೈ ರುಚಿ ಯಾರಿಗಿದೆ' ಅಂದ್ರು. ನಾನು ಬ್ಯಾಡ ಅಂದೆ. ಬ್ಯಾಡವೇ ಬ್ಯಾಡ ಅಂದೆ! ನನ್ನ ಕೈ ಹಿಡ್ಕೊಂಡು ಅತ್ತುಬುಟ್ರು. ಅಳ್ತಾ ಅಳ್ತಾ ಅರಿಶಿನ ಕುಂಕುಮ ಇಟ್ಟು ಮಡ್ಲಿಗೆ ಹಾಕುದ್ರು. ಮಗಳಿಗೆ ಕೊಡಲ್ವಾ ಅಂದೆ. 'ಅವಳಿಗೆ ಇದರ ಬೆಲೆ ಗೊತ್ತಿಲ್ಲ' ಅಂದ್ರು. ಲಾರಿ ಹತ್ತೋ ತನಕ ತಿರುಗಿ ತಿರುಗಿ ನೋಡ್ತಾ ಇದ್ರು, ಪಾತ್ರೇನಲ್ಲ, ನನ್ನ! ಬೀದಿಗೆಲ್ಲಾ ಗೊತ್ತು. ಯಾರನ್ನಾದ್ರೂ ಕೇಳಿ. ನಾನೇ ಎಲ್ರಿಗೂ ಹೇಳಿವ್ನಿ.

...

ಏನಾದ್ರೂ ಅನ್ನಿ ಮೇಡಂ.

ಅಲ್ಲ, ಹೂಂ ಅನ್ನಿ, ಹೂಂಹೂಂ ಅನ್ನಿ. ಇಷ್ಟು ಹೊತ್ತು ತಲೆ ಆಡಿಸ್ತಾ ಇದ್ರಿ, ಬರೀತಾ ಇದ್ರಿ. ಈಗ ಪೆನ್ನೂ ಕೆಳಗಿಟ್ರಿ.

ಯಾರನ್ನ ನೋಡೋಕೆ ಹೋಗಿದ್ರಿ ಚಾಮರಾಜಪುರಂಗೆ?

...ನಿಮ್ಮನ್ನೇ ಕೇಳ್ತಿರೋದು. ನನ್ನ ಮುಖ ನೋಡಿ. ನನ್ನ ಮುಖ ನೋಡಿ ಅಂದೆ, ಆ ಲೋಟ ಯಾಕೆ ನೋಡ್ತೀರಾ?

ಹೋಗಿದ್ರಿ ಅಲ್ವಾ. ಒಳಗೂ ಕರ್ದಿರ್ತಾರೆ, ಬಂದೋರಿಗೆ ಉಪಚಾರ ಚೆನ್ನಾಗೇ ಮಾಡ್ತಾರೆ ಆಯಮ್ಮ. ಅಡುಗೆ ಮನೆ ತನಕ ಹೋದ್ರಾ? ...ಹೋಗಿರ್ತೀರಿ. ನೀವು ಎಲ್ಲಾ ಕಡೆ ಹೋಗೋರೇ. ಒಲೆ ಮೇಲೆ ಇತ್ತಾ?

ಇತ್ತು. ನಂಗೊತ್ತು. ಇಪ್ಪತ್ತು ವರ್ಷ ನೋಡಿವ್ನಿ ನಾನು ಅದನ್ನ, ಅವ್ರ ಅಡುಗೆ ಮನೆ ಕಿಟಕಿ ಹೊರಗೆ ನಿಂತು. ಬೆಳ್ಳಿ ತರ ಹೊಳೀತದೆ. ಈ ಹಾಳಾದ್ದು ಎಷ್ಟು ತಿಕ್ಕುದ್ರೂ ಮಂಕು ಮಂಕು, ಒರೆಸಿದ ಬಟ್ಟೆಗೆಲ್ಲಾ ಕಪ್ಪು ಹತ್ಕೋತದೆ.

ಅವ್ರು ಏನಂದ್ರು? ನಕ್ರಾ? ...ಏನೂ ಅನ್ಲಿಲ್ವಾ? ನನ್ನ ಬಗ್ಗೆ ಒಂದು ಮಾತೂ?

ಕೇಳು ಮಾನಸ. ಮೇಡಂ ಗೀಡಂ ಎಲ್ಲಾ ಆಮೇಲೆ, ನನ್ನ ಮಗಳ ವಯಸ್ಸು ನಿನಗೆ. ರಕ್ಷಿತಾ ಚಿಕ್ಕೋಳಿದ್ದಾಗ ದಿನಾ ಅವ್ರ ಮನೆಗೆ ಓಡೋಳು. ಅಲಮೇಲಜ್ಜಿ ಸಾರು ಅನ್ನ ತಿನ್ನೋಕೆ. ನಮ್ಮನೇಲಿ ಬಾಯಿಗೆ ಇಟ್ರೆ ಉಗುಳೋಳು, 'ಇದು ಬ್ಯಾಡ, ಅಲಮೇಲಜ್ಜಿ ಸಾರು' ಅಂತ. ನನ್ನ ಮೊಮ್ಮಗಳು ಕಣಮ್ಮ! ನಾನು ಮಾಡಿದ್ದು ಉಗುಳೋಳು! ಅವ್ರು ಮನೆ ಖಾಲಿ ಮಾಡ್ತಾರೆ ಅಂತ ಗೊತ್ತಾದಾಗ ನಂಗೆ ಒಳಗೊಳಗೇ ಖುಷಿ ಆಯ್ತು, ನಿಜ ಹೇಳ್ತೀನಿ. ಆದ್ರೆ ಮಗು ಊಟ ಬುಟ್ಬುಟ್ರೆ ಎಂಗೆ? ಹೋಗಿ ಕೇಳ್ದೆ. ನಾಚ್ಕೆ ಬುಟ್ಟು ಕೇಳ್ದೆ. 'ಅಮ್ಮಾ, ಆ ಪಾತ್ರೆ ಒಂದು ತಿಂಗಳು ಕೊಟ್ಟಿರಿ, ಮಗೂಗೆ ರೂಢಿ ಆಗೋ ತನಕ.' ಅವ್ರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ನಕ್ಕೊಂಡು, ಮೆತ್ತಗೆ, 'ಬೇಜಾರು ಮಾಡ್ಕೋಬೇಡ ವಸಂತ, ಇದು ದೇವರ ನೈವೇದ್ಯದ್ದು. ನಿಮ್ಮನೇಲಿ ಅದೆಲ್ಲಾ ಬೇಯಿಸ್ತೀರಲ್ಲಮ್ಮ' ಅಂದ್ರು. ಅದೆಲ್ಲಾ! ಕೋಳಿ ಅನ್ನೋಕೂ ಬಾಯಿ ಬರ್ಲಿಲ್ಲ ಅವ್ರಿಗೆ. ಇಪ್ಪತ್ತು ವರ್ಷ ಕಾಂಪೌಂಡ್ ಹತ್ರ ನಿಂತು ಕಷ್ಟಸುಖ ಮಾತಾಡಿದ್ವಿ ಇಬ್ರೂ. ಅವ್ರ ಯಜಮಾನ್ರು ಹೋದಾಗ ಹತ್ತು ದಿನ ಅವ್ರ ಮನೆ ಹೊರಗಡೆ ಕೆಲ್ಸ ಎಲ್ಲಾ ನಾನು ಮಾಡಿವ್ನಿ. ಹೊರಗಡೆದು. ಒಳಗೆ ನನ್ನನ್ನ ಯಾವತ್ತೂ ಕರೀಲಿಲ್ಲ ಅಂತ ಪಾತ್ರೆ ಕೇಳಿದ ಅವತ್ತೇ ನಂಗೆ ಹೊಳೆದಿದ್ದು.

ಮಾರನೇ ದಿನ ಪೇಟೆಗೆ ಹೋದೆ. ಹಳೇ ಪಾತ್ರೆ ಮಾರೋನು, ಹೆಸರು ಕೂಡ ಗೊತ್ತಿಲ್ಲ. 'ಈಯದ್ದು ಬೇಕು' ಅಂದೆ. 'ಅಮ್ಮ, ಅಪ್ಪಟ' ಅಂದ, ಕೊಟ್ಟ, ತಗಂಡೆ. ಮನೆಗೆ ಬಂದು ಅಲಮೇಲು ಕೊಟ್ರು ಅಂದೆ. ಇನ್ನೇನ್ ಹೇಳ್ಲಿ? ಕೊಡ್ಲಿಲ್ಲ ಅಂತ ಹೇಳ್ಕೊಂಡು ತಿರುಗ್ಲಾ? ಒಂದು ಸಲ ಹೇಳಿದ್ಮೇಲೆ ಲಾರಿ ಬಂತು, ಸೆರಗು ಬಂತು, ಅಳು ಬಂತು... ಹೇಳ್ತಾ ಹೇಳ್ತಾ ನಂಗೇ ನಿಜ ಅನ್ಸೋದು.

ಮಗು ಮೊದಲನೇ ದಿನ ಕುಡಿದು ಏನಂತು ಗೊತ್ತಾ? 'ಅಜ್ಜಿ, ಅಲಮೇಲಜ್ಜಿ ಸಾರಿಗಿಂತ ನಿಂದೇ ಚೆನ್ನಾಗದೆ' ಅಂತು. ನಾನು ಅವತ್ತು ದೇವರಿಗೆ ತುಪ್ಪದ ದೀಪ ಹಚ್ಚಿವ್ನಿ.

ತಡಿ, ಒಲೆ ಆರಿಸ್ತೀನಿ. ಸಾರು ಎಲ್ಲಿಗೆ ಸುರೀಲಿ? ಗಿಡಕ್ಕಾ? ಬ್ಯಾಡ್ವಾ... ಗಿಡಕ್ಕೂ ಬ್ಯಾಡ್ವಾ. ಸರಿ, ಈ ಬಕೆಟ್‌ಗೆ ಸುರೀತೀನಿ. ತಗೋ. ಬ್ಯಾಗಿಂದ ಆ ಪಿಸ್ತೂಲು ಮಿಷನ್ ತೆಗಿ. ಮಡಿನೂ ಇಲ್ಲ, ಮಣ್ಣೂ ಇಲ್ಲ. ಹಿಡಿ.

...ಏನಂತದೆ? ಎಷ್ಟು ಸೀಸ? ಅರ್ಧನಾ? ಅರ್ಧಕ್ಕಿಂತ ಜಾಸ್ತಿನಾ? ...ಅಂದ್ರೆ ಸಾರಿನ ಆ ಸಿಹಿನೂ ಸೀಸದ್ದೇನಾ?

ನಿಲ್ಲಿಸುದ್ರೆ ಇಳೀತದೆ ಅಲ್ವಾ? ...ಹಾಂ, ರಕ್ತದಲ್ಲಿ ಇಳೀತದೆ. ಸರಿ. ವಾಗೀಶನ ಮಕ್ಳದ್ದು ಇಳಿದಂಗೆ. ಮತ್ತೆ ಆ ಎಣಿಸೋದು? ಮರೆತಿದ್ದೆಲ್ಲಾ ವಾಪಸ್ ಬತ್ತದಾ? ಇಪ್ಪತ್ತು ಆದ್ಮೇಲೆ ಮುಂದಕ್ಕೆ ಹೋಗ್ತಾಳಾ? ...ಮಾನಸ? ...ಹೇಳವ್ವ. ಸುಳ್ಳಾದ್ರೂ ಹೇಳು. ನಾನು ಎಷ್ಟು ಹೇಳಿಲ್ಲ!

ಗೇಟ್ ಸದ್ದಾಯ್ತು. ಬಂದ್ರು.

ಇಲ್ಲಿಂದ ನೋಡು, ದಿವ್ಯ ಹೊರಗಿನ ನಲ್ಲಿ ಹತ್ರ ನಿಂತವಳೆ. ಕೈ ತೊಳೀತಾಳೆ. ಸೋಪು ಹಾಕಿ, ಮೊಣಕೈ ತನಕ, ಉಗುರು ಸಂದಿ ಎಲ್ಲಾ. ಬಟ್ಟೆ ಅಂಗಡೀಲಿ ಬಿಲ್ ಹಾಕೋ ಕೆಲ್ಸ ಇತ್ತು, ಅದನ್ನೂ ಬುಟ್ಟವಳೆ. ಅಲ್ಲಿಂದ ಸೀಸ ಗೀಸ ಕೈಗೆ ಅಂಟಿಸ್ಕೊಂಡು ಬರ್ತಿದೀನೇನೋ ಅಂತ. ಮಗೂನ ಎತ್ಕೊಳ್ಳೋಕೆ ಮುಂಚೆ ದಿನಾ ಇಂಗೇ ತಿಕ್ಕೋತಾಳೆ, ಚರ್ಮ ಸುಲಿದು ಹೋಗ್ಬುಟ್ಟದೆ. ನಾನೇ ಹೇಳಿದ್ದು, ನಿನ್ನ ಕೈಯಿಂದಾನೇ ಮಗೂಗೆ ಇಂಗಾಗಿದ್ದು ಅಂತ.

ನೀನು ಹೇಳ್ಬೇಡ. ನಾನೇ ಹೇಳ್ತೀನಿ ಅವಳಿಗೆ. ...ಬತ್ತಾ ಅವಳೆ. ಏನಂತ ಶುರು ಮಾಡ್ಲಿ ಮಾನಸ? ಒಂದು ಮಾತು ಹೇಳ್ಕೊಡು.